ಬಳಪ ಹಿಡಿಯುವ ಬೆರಳು

ಎಲ್‌ಕೆಜಿ ಮಗುವಿನ ಚೀಲ ತೆರೆದರೆ ಒಂದು ಪುಟದ ತುಂಬ ‘ಅ’, ಮಗ್ಗುಲ ಪುಟದ ತುಂಬ ‘ಆ’. ಹೆತ್ತವರಿಗೆ ಅದೇ ಕಲಿಕೆಯ ಗುರುತು. ಅಕ್ಷರ ಬರೆದರೆ ಬೆರಳು ಪಳಗುತ್ತದೆ, ಓದೂ ಬೇಗ ಹತ್ತುತ್ತದೆ ಎಂಬ ನಂಬಿಕೆ ಸುಳ್ಳಲ್ಲ. ಅದಕ್ಕೆ ಒಳ್ಳೆಯ ಆಧಾರಗಳೇ ಇವೆ. ಆದರೆ ಈ ಲಾಭ ಸಿಗಬೇಕಾದರೆ ಕೈ ಮೊದಲೇ ಹದವಾಗಿರಬೇಕು, ಅಕ್ಷರವನ್ನು ಮಗು ತಾನಾಗಿ ಬರೆಯಬೇಕು. ಮೂರೂವರೆ ವರ್ಷಕ್ಕೇ ಪುಟಗಟ್ಟಲೆ ಕಾಪಿ ಬರೆಸುವ ಪದ್ಧತಿಯಲ್ಲಿ ಇವೆರಡೂ ತಪ್ಪಿಹೋಗುತ್ತಿವೆ.

ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳಿವೆ. ಹುಟ್ಟುವಾಗ ಅವು ಸಾಮಾನ್ಯವಾಗಿ ಮೃದ್ವಸ್ಥಿಯಾಗಿಯೇ ಇರುತ್ತವೆ. ಒಂದೊಂದಾಗಿ ಗಟ್ಟಿಯಾಗುವ ಕೆಲಸ ಪ್ರಾಥಮಿಕ ಶಾಲೆಯ ವರ್ಷಗಳಲ್ಲೂ ನಡೆದಿರುತ್ತದೆ. ಒಂದೂವರೆ ವರ್ಷದ ಮಗು ಬಳಪವನ್ನು ಮುಷ್ಟಿಯಲ್ಲಿ ಹಿಡಿದು ತೋಳನ್ನೇ ಆಡಿಸಿ ಗೀಚುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಕೂಡಿ, ಬೆರಳ ಚಲನೆಯಿಂದಲೇ ಗೆರೆ ಮೂಡಿಸುವ ಹಿಡಿತ ಬಹುಪಾಲು ಮಕ್ಕಳಿಗೆ ಒದಗುವುದು ನಾಲ್ಕೂವರೆಯಿಂದ ಆರು ವರ್ಷದೊಳಗೆ. ನೋಡಿ ಬರೆಯುವುದರಲ್ಲೂ ಹೀಗೆಯೇ: ವೃತ್ತ ಸುಮಾರು ಮೂರು ವರ್ಷಕ್ಕೆ ಬರುತ್ತದೆ, ಅಡ್ಡ-ಉದ್ದ ಗೆರೆ ಕೂಡಿದ ಆಕಾರ ನಾಲ್ಕರ ಹೊತ್ತಿಗೆ, ತ್ರಿಕೋನ ಐದರ ಆಸುಪಾಸಿನಲ್ಲಿ. ನಮ್ಮ ‘ಅ’ ಬರೆಯಲು ಸುತ್ತುತ್ತ ಸುತ್ತುತ್ತ ಹಲವು ಸಲ ದಿಕ್ಕು ಬದಲಿಸಬೇಕು. ತ್ರಿಕೋನವೇ ಬಾರದ ಕೈಗೆ ಅದನ್ನು ಕೊಟ್ಟರೆ ಮಗು ಪೆನ್ಸಿಲನ್ನು ಬಿಗಿಯಾಗಿ ಅದುಮುತ್ತದೆ, ಬೆರಳು ನೋಯುತ್ತದೆ, ಹೇಗೋ ಸಾಧಿಸಿಕೊಂಡ ಅಡ್ಡಾದಿಡ್ಡಿ ಹಿಡಿತವೇ ರೂಢಿಯಾಗಿಬಿಡುತ್ತದೆ. ಆಮೇಲೆ ಅದನ್ನು ತಿದ್ದುವುದು ಕಷ್ಟ.

ಹಾಗಾದರೆ ಕೈ ಹದವಾಗುವುದು ಎಲ್ಲಿ? ಅಡುಗೆಮನೆಯಲ್ಲಿ, ಅಂಗಳದಲ್ಲಿ. ನೆನೆಸಿದ ಅವರೆಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಹಿದುಕುವಾಗ, ಪೆನ್ಸಿಲಿಗೆ ಬೇಕಾದ ಬೆರಳುಗಳೇ ದುಡಿಯುತ್ತವೆ. ಅಳಗುಳಿಮಣೆಯಲ್ಲಿ ಮುಷ್ಟಿ ತುಂಬ ಹುಣಸೆಬೀಜ ಹಿಡಿದು ಒಂದೊಂದೇ ಬೀಜವನ್ನು ಗುಳಿಗೆ ಬಿಡುವುದು ಇನ್ನೂ ಸೂಕ್ಷ್ಮವಾದ ಕೆಲಸ. ಒಂದೇ ಅಂಗೈಯಲ್ಲಿ ಕೆಲವು ಬೆರಳು ಹಿಡಿದಿಟ್ಟುಕೊಳ್ಳಬೇಕು, ಕೆಲವು ಬಿಡಬೇಕು; ಬರೆಯುವ ಕೈಯೂ ಹಾಗೆಯೇ ಕೆಲಸ ಹಂಚಿಕೊಳ್ಳುತ್ತದೆ. ಚಪಾತಿ ಹಿಟ್ಟು ನಾದುವುದು, ಅಂಗಿಯ ಗುಂಡಿ ಹಾಕಿಕೊಳ್ಳುವುದು, ಮಣಿ ಪೋಣಿಸುವುದು, ರಂಗೋಲಿಯ ಚುಕ್ಕಿ ಇಡುವುದು ಎಲ್ಲವೂ ಬರವಣಿಗೆಯ ಪೂರ್ವಸಿದ್ಧತೆಯೇ. ಇವುಗಳನ್ನೆಲ್ಲ ಮಗುವಿನ ಕೈಯಿಂದ ತೆಗೆದು ವರ್ಕ್‌ಶೀಟ್ ಕೊಟ್ಟರೆ ಕೈ ಬೆಳೆಯುವುದಿಲ್ಲ.

ಇನ್ನು ಅಕ್ಷರದ ವಿಷಯ. 2005ರಲ್ಲಿ ಫ್ರಾನ್ಸಿನ ಮಾರಿಕೆ ಲಾಂಗ್‌ಕಾಂಪ್ ಮತ್ತು ಸಂಗಡಿಗರು ಸುಮಾರು ಮೂರರಿಂದ ಐದು ವರ್ಷದೊಳಗಿನ 76 ಮಕ್ಕಳಿಗೆ, ಕೆಲವರಿಗೆ ಕೈಬರಹದಿಂದ, ಕೆಲವರಿಗೆ ಕೀಲಿಮಣೆಯಿಂದ ಅಕ್ಷರ ಕಲಿಸಿ ನೋಡಿದರು. ಕೈಯಿಂದ ಬರೆದವರೇ ಅಕ್ಷರವನ್ನು ಚೆನ್ನಾಗಿ ಗುರುತಿಸಿದರು. ಆದರೆ ಈ ಮೇಲುಗೈ ಕಂಡದ್ದು ಅವರಲ್ಲಿ ದೊಡ್ಡ ಮಕ್ಕಳಲ್ಲಿ ಮಾತ್ರ. ಅವಸರದ ನರ್ಸರಿಗಳು ಗಮನಿಸಬೇಕಾದ ಮಾತಿದು. 2012ರಲ್ಲಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಕ್ಯಾರಿನ್ ಜೇಮ್ಸ್ ಮತ್ತು ಲಾರಾ ಎಂಗಲ್‌ಹಾರ್ಟ್, ಇನ್ನೂ ಓದಲು ಬಾರದ ಐದು ವರ್ಷದ ಮಕ್ಕಳಲ್ಲಿ ಮೂರು ಬಗೆಯನ್ನು ಹೋಲಿಸಿದರು: ನೋಡಿ ತಾನಾಗಿ ಬರೆಯುವುದು, ಮೂಡಿಸಿದ ಅಕ್ಷರದ ಮೇಲೆ ತಿದ್ದುವುದು, ಟೈಪ್ ಮಾಡುವುದು. ಆಮೇಲೆ ಮಿದುಳಿನ ಸ್ಕ್ಯಾನ್ ತೆಗೆದಾಗ, ಓದಿಗೆ ಒದಗುವ ಭಾಗಗಳು ಚುರುಕಾಗಿದ್ದದ್ದು ತಾನಾಗಿ ಬರೆದು ಕಲಿತ ಅಕ್ಷರಗಳಿಗೆ. ತಿದ್ದಿದವಕ್ಕೂ ಟೈಪ್ ಮಾಡಿದವಕ್ಕೂ ಅಂಥ ಫಲ ಕಾಣಲಿಲ್ಲ. ಪ್ರಯೋಗ ಚಿಕ್ಕದು, ಲಿಪಿ ರೋಮನ್. ಕನ್ನಡಕ್ಕೆ ಹಾಗೇ ಹೊಂದುತ್ತದೆಂದು ಕಣ್ಣುಮುಚ್ಚಿ ಹೇಳಲಾಗದು. ಆದರೂ ಜೇಮ್ಸ್ ಕೊಡುವ ವಿವರಣೆ ಮನಸ್ಸಿಗೆ ಒಪ್ಪುತ್ತದೆ. ಮಗು ಬರೆದ ಹತ್ತು ಅಕ್ಷರ ಹತ್ತು ರೀತಿ ಸೊಟ್ಟಗಿರುತ್ತವೆ. ಯಾವ ಸೊಟ್ಟು ಬಂದರೂ ಅಕ್ಷರ ಅದೇ, ಯಾವುದು ಬಂದರೆ ಬೇರೆಯಾಗುತ್ತದೆ ಎಂಬುದು ಅಲ್ಲೇ ತಿಳಿಯುತ್ತದೆ. ಚುಕ್ಕಿಯ ಮೇಲೆ ತಿದ್ದುವಾಗ ಆ ಅವಕಾಶವಿಲ್ಲ.

ಕನ್ನಡಕ್ಕೆ ಒಪ್ಪುವ ದಾರಿ ನಮ್ಮಲ್ಲೇ ಇದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಆರಂಭವಾದ ನಲಿ-ಕಲಿ ಎಂಬ ಕಲಿಕಾ ಪದ್ಧತಿ, ವರ್ಣಮಾಲೆಯ ಕ್ರಮ ಬಿಟ್ಟು ರ, ಗ, ಸ, ದ, ಅ ಎಂದು ಶುರುಮಾಡಿತು. ಕಮಾನು, ದುಂಡು, ತಲೆಕಟ್ಟು ಬಂದರೆ ಇವುಗಳಲ್ಲಿ ಹಲವು ಕೈಗೆ ಸಿಗುತ್ತವೆ. ಮೊದಲ ಗುಂಪಿನಲ್ಲೇ ಸರ, ಅರಸ, ಗರಗಸ ಎಂದು ಓದುವುದಕ್ಕೂ ಆಗುತ್ತದೆ.

ಹಿಂದಿನವರು ಎಳವೆಯಲ್ಲೇ ಮರಳಿನ ಮೇಲೆ ಬರೆಯಲಿಲ್ಲವೇ ಎಂದು ಕೇಳುವವರಿದ್ದಾರೆ. ಬರೆದರು, ಆದರೆ ಬರೆದದ್ದು ಬೆರಳಿನಿಂದ, ದೊಡ್ಡದಾಗಿ. ಅಲ್ಲಿ ಸಣ್ಣ ಗೆರೆಗಳ ನಡುವೆ ಅಕ್ಷರ ತುರುಕುವ ಸಂಕಟವಿರಲಿಲ್ಲ. ಇಷ್ಟೊಂದು ಅಕ್ಷರ, ಕಾಗುಣಿತ, ಒತ್ತಕ್ಷರ ಇರುವಾಗ ಬೇಗ ಶುರುಮಾಡದಿದ್ದರೆ ಹೇಗೆ ಎಂಬ ಆತಂಕ ಇದಕ್ಕಿಂತ ಗಟ್ಟಿಯಾದದ್ದು. ಕನ್ನಡ ಮಕ್ಕಳ ಓದನ್ನು ಅಧ್ಯಯನ ಮಾಡಿದ ಸೊನಾಲಿ ನಾಗ್ 2007ರಲ್ಲಿ ತೋರಿಸಿದಂತೆ, ನಮ್ಮ ಅಕ್ಷರಗಳನ್ನು ಪೂರ್ತಿ ವಶಮಾಡಿಕೊಳ್ಳುವುದು ನಾಲ್ಕನೇ ತರಗತಿಯವರೆಗೂ ಸಾಗುವ ಕೆಲಸ. ಇಷ್ಟು ದೀರ್ಘವಾದ ಕಲಿಕೆಯಲ್ಲಿ ಆರು ತಿಂಗಳು ಮುಂಚೆ ಪೆನ್ಸಿಲ್ ಹಿಡಿಸಿ ಗಳಿಸುವುದು ಅತ್ಯಲ್ಪ. ಬರವಣಿಗೆಯ ಮೇಲೆ ಬೇಸರ ಹುಟ್ಟಿದರೆ ಕಳೆದುಕೊಳ್ಳುವುದು ಬಹಳ. ಮುಂದೆ ಎಲ್ಲರೂ ಟೈಪ್ ಮಾಡುವವರೇ ತಾನೆ ಎನ್ನುವವರಿಗೆ ಮೇಲಿನ ಎರಡು ಪ್ರಯೋಗಗಳೇ ಉತ್ತರ: ಟೈಪ್ ಮಾಡುವವನಿಗೂ ಮೊದಲು ಓದು ಬರಬೇಕು.

ಆದ್ದರಿಂದ ಶಾಲೆಯಿಂದ ಕಾಪಿ ಹೋಂವರ್ಕ್ ಬಂದರೆ ತಾಯಿತಂದೆಯರು ಶಿಕ್ಷಕರೊಡನೆ ಮಾತನಾಡಿ ಅದನ್ನು ಕಡಿಮೆ ಮಾಡಿಸಿ. ಮನೆಯಲ್ಲಿ ಒಂದು ಸ್ಲೇಟು, ಬೆರಳ ತುದಿಗೆ ಮಾತ್ರ ಸಿಗುವಂಥ ತುಂಡು ಬಳಪ ಕೊಡಿ. ಮಗು ದೊಡ್ಡದಾಗಿ, ಸೊಟ್ಟಗೆ, ತನಗೆ ತೋಚಿದಂತೆ ‘ರ’ ಬರೆಯಲಿ. ಅದರ ಕೈ ಹಿಡಿದು ತಿದ್ದಿಸಬೇಡಿ.