ಚೀಲ ತಪ್ಪಿಸುವುದು ರೋಬೋಟ್ ಅಲ್ಲ

ಮಲಾಶಯದ ತಳಭಾಗದಲ್ಲಿ ಕ್ಯಾನ್ಸರ್ ಗಡ್ಡೆ ಇದೆಯೆಂದು ಗೊತ್ತಾದ ಮನೆಗಳಲ್ಲಿ ಪ್ರಾಣದ ಚಿಂತೆಗಿಂತ ಮೊದಲು ಏಳುವುದು ಚೀಲದ ಚಿಂತೆ. ಹೊಟ್ಟೆಗೆ ತೂತು ಮಾಡಿ ಚೀಲ ಅಂಟಿಸುತ್ತಾರಂತೆ, ಬದುಕಿರುವವರೆಗೂ ಮಲ ಅದರಲ್ಲೇ ಹೋಗಬೇಕಂತೆ ಎಂಬ ಭಯ. ಈ ಭಯಕ್ಕೆ ಇತ್ತೀಚೆಗೆ ಒಂದು ಸಿದ್ಧ ಉತ್ತರ ಹುಟ್ಟಿಕೊಂಡಿದೆ: ರೋಬೋಟ್ ಇರುವ ಆಸ್ಪತ್ರೆಗೆ ಹೋದರೆ ಚೀಲದ ಗೊಡವೆಯೇ ಇಲ್ಲ. ಒಂದು ಕಾಲಕ್ಕೆ ಇಂಥ ಆಪರೇಷನ್ನಿಗೆ ಮುಂಬೈಯ ಟಾಟಾ ಆಸ್ಪತ್ರೆಯೇ ಗತಿ ಎನ್ನುವಂತಿತ್ತು; ಈಗ ನಾಶಿಕ, ಛತ್ರಪತಿ ಸಂಭಾಜಿನಗರಗಳಲ್ಲೂ ಸಣ್ಣ ತೂತುಗಳ ಮೂಲಕ ದುರ್ಬೀನಿನಿಂದ (ಲ್ಯಾಪರೊಸ್ಕೋಪಿ) ಕ್ಯಾನ್ಸರ್ ಆಪರೇಷನ್ ಮಾಡುವವರಿದ್ದಾರೆ. ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಕನ್ನಡ ಮನೆಗಳಿಗೆ ಸಂಭಾಜಿನಗರ ಮುಂಬೈಗಿಂತ ಹತ್ತಿರ. ಅನುಕೂಲ ಹತ್ತಿರ ಬಂದದ್ದು ಸಂತೋಷವೇ. ಅದರ ಬೆನ್ನಿಗೇ ಬಂದ ಈ ನಂಬಿಕೆಯನ್ನು ಮಾತ್ರ ಸಹಿಸುವುದು ಕಷ್ಟ, ಏಕೆಂದರೆ ಅದು ರೋಗಿಯ ಬಾಯಿಂದ ತಪ್ಪು ಪ್ರಶ್ನೆ ಕೇಳಿಸುತ್ತದೆ.

ಚೀಲ ಬೇಕೋ ಬೇಡವೋ ಎಂಬುದನ್ನು ಗಡ್ಡೆ ಕೂತಿರುವ ಜಾಗ ತೀರ್ಮಾನಿಸುತ್ತದೆ. ಗುದದ್ವಾರದ ಅಂಚಿನಿಂದ ಮೇಲಕ್ಕೆ ಸುಮಾರು 5 ಸೆಂಟಿಮೀಟರಿನಷ್ಟು ಭಾಗವೇ ತಳಭಾಗ. ಅಲ್ಲಿ ಮಲವನ್ನು ಬಿಗಿಹಿಡಿಯುವ ಎರಡು ಸ್ನಾಯುಗಳು ಒಂದರೊಳಗೊಂದು ಸುತ್ತಿಕೊಂಡಿವೆ. ಗಡ್ಡೆ ಹೊರಗಿನ ಸ್ನಾಯುವಿನೊಳಕ್ಕೆ ಬೇರಿಳಿಸಿದ್ದರೆ ಅದನ್ನೂ ತೆಗೆಯಲೇಬೇಕು, ತೆಗೆದರೆ ಶಾಶ್ವತ ಚೀಲ. 1908ರಲ್ಲಿ ಲಂಡನ್ನಿನ ಅರ್ನೆಸ್ಟ್ ಮೈಲ್ಸ್ ಗುದದ್ವಾರ ಸಮೇತ ತೆಗೆಯುವ ಆಪರೇಷನ್ನನ್ನು ವಿವರಿಸಿದ ಮೇಲೆ ದಶಕಗಳ ಕಾಲ ತಳಭಾಗದ ಕ್ಯಾನ್ಸರ್ ಎಂದರೆ ಚೀಲ ಎಂದೇ ಆಗಿತ್ತು. ಗಡ್ಡೆಯ ಕೆಳಗಿನ 5 ಸೆಂಟಿಮೀಟರ್ ಒಳ್ಳೆಯ ಕರುಳನ್ನೂ ಕತ್ತರಿಸಬೇಕೆಂಬ ನಿಯಮವಿತ್ತು. ಕ್ಯಾನ್ಸರ್ ಕರುಳಿನ ಗೋಡೆ ಹಿಡಿದು ಕೆಳಕ್ಕೆ ಹೆಚ್ಚು ಇಳಿಯುವುದಿಲ್ಲ, ಸುತ್ತಲಿನ ಕೊಬ್ಬಿನೊಳಕ್ಕೆ ಪಕ್ಕಕ್ಕೆ ಹರಡುತ್ತದೆ ಎಂದು ತಿಳಿದಂತೆ ಆ ಅಂತರ 2ಕ್ಕೆ, ತೀರ ತಳದ ಗಡ್ಡೆಗಳಲ್ಲಿ 1ಕ್ಕೆ ಇಳಿಯಿತು. ಆ ಕೊಬ್ಬಿನ ಹೊದಿಕೆಯನ್ನು ಹರಿಯದೆ ಇಡಿಯಾಗಿ ಬಿಡಿಸಿ ತೆಗೆಯಬೇಕೆಂದು 1982ರಲ್ಲಿ ಇಂಗ್ಲೆಂಡಿನ ಬಿಲ್ ಹೀಲ್ಡ್ ಬರೆದರು. 1994ರಲ್ಲಿ ವಿಯೆನ್ನಾದ ರುಡಾಲ್ಫ್ ಷೀಸೆಲ್ ಒಳಸ್ನಾಯುವನ್ನಷ್ಟೇ ತೆಗೆದು ಹೊರಸ್ನಾಯುವನ್ನು ಉಳಿಸುವ ವಿಧಾನ ಪ್ರಕಟಿಸಿದರು. ಸಾವಿರಾರು ಜನರ ಚೀಲ ತಪ್ಪಿಸಿದ ತಿಳಿವಳಿಕೆ ಇದು. ಇಷ್ಟೂ ಆದದ್ದು ಹೊಟ್ಟೆ ಕೊಯ್ದು ಮಾಡುತ್ತಿದ್ದ ಕಾಲದಲ್ಲಿ. ಡಾ ವಿಂಚಿ ರೋಬೋಟಿಗೆ ಅಮೆರಿಕದಲ್ಲಿ ಹೊಟ್ಟೆಯ ಆಪರೇಷನ್ನಿಗೆ ಪರವಾನಗಿ ಸಿಕ್ಕಿದ್ದು 2000ದಲ್ಲಿ.

ಹಾಗಾದರೆ ಕೋಟಿಗಟ್ಟಲೆ ಬೆಲೆಯ ಯಂತ್ರದಿಂದ ಲಾಭವೇ ಇಲ್ಲವೇ ಎಂದು ಕೇಳಬಹುದು. ಲಾಭವಿದೆ. ಸೊಂಟದ ಮೂಳೆಗಳ ನಡುವಿನ ಜಾಗ, ಅದರಲ್ಲೂ ಗಂಡಸರಲ್ಲಿ, ತೀರ ಇಕ್ಕಟ್ಟು. ಅಲ್ಲಿ ಮಣಿಕಟ್ಟಿನಂತೆ ತಿರುಗುವ ಉಪಕರಣ, ನಡುಗದ ಕ್ಯಾಮೆರಾ ಎರಡೂ ಸರ್ಜನ್ನರ ಕೆಲಸ ಹಗುರ ಮಾಡುತ್ತವೆ. (ಯಂತ್ರ ತಾನಾಗಿ ಏನನ್ನೂ ಕತ್ತರಿಸುವುದಿಲ್ಲ, ಪ್ರತಿಯೊಂದು ಚಲನೆಯೂ, ಸಾಮಾನ್ಯವಾಗಿ ಅದೇ ಕೋಣೆಯಲ್ಲಿ ಕೂತ, ಸರ್ಜನ್ನರ ಕೈಯದು.) ಚೀನಾದ 11 ಆಸ್ಪತ್ರೆಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ‘ರಿಯಲ್’ ಅಧ್ಯಯನದಲ್ಲಿ ಮಧ್ಯ ಮತ್ತು ತಳಭಾಗದ ರೋಗಿಗಳ ಪೈಕಿ ಸಾಮಾನ್ಯ ದುರ್ಬೀನಿನ ಗುಂಪಿನಲ್ಲಿ ಶೇ. 22.7 ಮಂದಿ, ರೋಬೋಟಿನ ಗುಂಪಿನಲ್ಲಿ ಶೇ. 16.9 ಮಂದಿ ಗುದದ್ವಾರ ಕಳೆದುಕೊಂಡರು. ನೂರಕ್ಕೆ ಆರು ಜನರ ಅಂತರ ಸಣ್ಣದಲ್ಲ. ಅದೇ ಲೆಕ್ಕವನ್ನು ಇನ್ನೊಂದು ತುದಿಯಿಂದ ಓದಿ ನೋಡಿ: ನುರಿತ ಕೈಗಳು ರೋಬೋಟಿನಿಂದ ಮಾಡಿದ 586 ಆಪರೇಷನ್ನುಗಳಲ್ಲಿ 99 ಜನರಿಗೆ ಶಾಶ್ವತ ಚೀಲ ಬಂತು. ಯಂತ್ರವಿದ್ದರೆ ಚೀಲವಿಲ್ಲ ಎಂಬ ಮಾತಿಗೆ ಆ 99 ಜನ ಎಲ್ಲಿ ಹೋಗುತ್ತಾರೆ? 2017ರ ‘ರೋಲಾರ್’ ಅಧ್ಯಯನದಲ್ಲಂತೂ ರೋಬೋಟಿನಿಂದಲೋ ಸಾಮಾನ್ಯ ದುರ್ಬೀನಿನಿಂದಲೋ ಆರಂಭಿಸಿ ನಡುವೆ ಹೊಟ್ಟೆ ಕೊಯ್ಯಬೇಕಾಗಿ ಬಂದವರ ಪ್ರಮಾಣದಲ್ಲಿ ಎರಡೂ ಗುಂಪುಗಳ ನಡುವೆ ಗಟ್ಟಿಯಾದ ವ್ಯತ್ಯಾಸವೇ ಸಿಗಲಿಲ್ಲ.

ರೋಬೋಟಿನ ಮೇಲಿನ ನಂಬಿಕೆಗೆ ತದ್ವಿರುದ್ಧವಾದ ನಂಬಿಕೆಯೂ ಅಷ್ಟೇ ದುರ್ಬಲ: ತೂತು ಚಿಕ್ಕದಾದರೆ ಕ್ಯಾನ್ಸರ್ ಒಳಗೇ ಉಳಿಯುತ್ತದಂತೆ. ಕ್ಯಾನ್ಸರ್ ಪೂರ್ತಿ ಬಂತೇ ಎಂಬುದಕ್ಕೆ ಸಾಕ್ಷಿ ಹೊಟ್ಟೆಯ ಮೇಲಿನ ಗಾಯದಲ್ಲಿಲ್ಲ, ಪೆಥಾಲಜಿ ಮೇಜಿನ ಮೇಲಿದೆ. ತೆಗೆದ ಕರುಳಿನ ಹೊರಮೈಗೆ ಶಾಯಿ ಬಳಿದು, ಬ್ರೆಡ್ಡಿನಂತೆ ತೆಳುವಾಗಿ ಹೋಳು ಮಾಡಿ, ಗಡ್ಡೆಯ ಅಂಚಿಗೂ ಶಾಯಿಗೂ ಎಷ್ಟು ಅಂತರವಿದೆಯೆಂದು ನೋಡುತ್ತಾರೆ. 1 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ರೋಗ ಮರುಕಳಿಸುವ ಅಪಾಯ ಹೆಚ್ಚು. 2015ರಲ್ಲಿ ಬಂದ ಅಮೆರಿಕ ಮತ್ತು ಆಸ್ಟ್ರೇಲಿಯದ ಎರಡು ಅಧ್ಯಯನಗಳು ಈ ಅಳತೆಯೂ ಸೇರಿದ ಪೆಥಾಲಜಿ ಲೆಕ್ಕದಲ್ಲಿ ದುರ್ಬೀನಿನ ವಿಧಾನ ತೆರೆದ ಆಪರೇಷನ್ನಿಗಿಂತ ಕಡಿಮೆಯಲ್ಲವೆಂದು ಸಾಬೀತು ಮಾಡಲು ಸೋತವು ಎಂಬುದು ನಿಜ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಆ ರೋಗಿಗಳನ್ನೇ ವರ್ಷಗಟ್ಟಲೆ ಗಮನಿಸಿದಾಗ ರೋಗ ಮರುಕಳಿಸುವುದರಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ತಳಭಾಗದ ಕ್ಯಾನ್ಸರನ್ನೇ ಆರಿಸಿಕೊಂಡು ಸಾವಿರಕ್ಕೂ ಹೆಚ್ಚು ಜನರ ಮೇಲೆ ಚೀನಾದಲ್ಲಿ ನಡೆದ ‘ಲಾಸ್ರೆ’ ಅಧ್ಯಯನದಲ್ಲಿ ಕೊಬ್ಬಿನ ಹೊದಿಕೆ ಇಡಿಯಾಗಿ ಬಂದದ್ದು ದುರ್ಬೀನಿನಲ್ಲಿ ಶೇ. 85.3, ತೆರೆದ ಆಪರೇಷನ್ನಿನಲ್ಲಿ ಶೇ. 85.8.

ರೋಬೋಟಿನ ಮೇಲಿನ ಭರವಸೆ ನಿಜಕ್ಕೂ ನಷ್ಟ ಮಾಡುವುದು ಆಪರೇಷನ್ನಿಗೆ ಮುಂಚೆ. ಮುಂದುವರಿದ ಗಡ್ಡೆಗೆ ಮೊದಲು ವಾರಗಟ್ಟಲೆ ಕರೆಂಟ್ (ರೇಡಿಯೇಷನ್) ಕೊಟ್ಟು, ಕೀಮೋ ಕೊಟ್ಟು, ಅದು ಕುಗ್ಗುವುದನ್ನು ಕಾಯಬೇಕು. ಬ್ರೆಜಿಲಿನ ಆಂಜೆಲಿಟಾ ಹಬ್ರ್-ಗಾಮಾ 2004ರಲ್ಲೇ ತೋರಿಸಿಕೊಟ್ಟ ಹಾಗೆ ಕೆಲವರಲ್ಲಿ ಗಡ್ಡೆ ಪೂರ್ತಿ ಕರಗಿ, ಕಟ್ಟುನಿಟ್ಟಿನ ನಿಗಾದಲ್ಲಿ ಆಪರೇಷನ್ನೇ ಬೇಡವಾಗುತ್ತದೆ. ಚೀಲ ತಪ್ಪಿಸುವ ಅತಿ ದೊಡ್ಡ ಅವಕಾಶ ಇಲ್ಲಿದೆ. ಸಂಭಾಜಿನಗರದ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ರೇಡಿಯೇಷನ್ ಸಿಗುತ್ತದೆ, ಮಹಾತ್ಮ ಜ್ಯೋತಿರಾವ್ ಫುಲೆ ಯೋಜನೆಯಡಿ ಕ್ಯಾನ್ಸರ್ ಚಿಕಿತ್ಸೆಯ ಖರ್ಚಿಗೆ ದಾರಿಯಿದೆ. ಇದನ್ನು ಬಿಟ್ಟು, ನೇರ ಆಪರೇಷನ್ ಮಾಡಿ ಮುಗಿಸುತ್ತೇವೆ ಎಂದವರ ಹಿಂದೆ ಹೊಲ ಮಾರಿ ಹೋಗುವುದು ಸಂಕಟದ ಸಂಗತಿ. ಕರುಳಿನ ಹೊಸ ಜೋಡಣೆ ಮಾಯುವ ತನಕ ಇಡುವ ತಾತ್ಕಾಲಿಕ ಚೀಲ ಕಂಡೂ ಮೋಸ ಹೋದೆವು ಎನ್ನುವವರಿದ್ದಾರೆ. ಅದನ್ನು ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ತೆಗೆಯುತ್ತಾರೆ. ಇನ್ನು ಸ್ನಾಯು ಉಳಿಸಿಕೊಂಡವರೆಲ್ಲ ಸುಖವಾಗಿರುತ್ತಾರೆಂದೂ ಇಲ್ಲ. ದಿನಕ್ಕೆ ಹತ್ತಾರು ಸಲ ಸಂಡಾಸಕ್ಕೆ ಓಡುವ, ಬಸ್ಸು ಹತ್ತಲು ಹೆದರುವ ಸ್ಥಿತಿ ಹಲವರಿಗೆ ಬರುತ್ತದೆ. ಅಂಥವರಿಗಿಂತ ಚೀಲದವರ ಬದುಕು ಕೀಳೆಂದು ಖಚಿತವಾಗಿ ಹೇಳಲು ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ.

ಕ್ಯಾನ್ಸರಿನ ಸುತ್ತ ಇಂಥ ನಂಬಿಕೆಗಳು ಇನ್ನೂ ಇವೆ. ಕತ್ತಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ ಎಂಬುದು ಸುಳ್ಳು. ಬಯಾಪ್ಸಿ ಮಾಡಿಸಿದರೆ ಗಡ್ಡೆ ಕೆರಳುತ್ತದೆ ಎಂಬುದೂ ಸುಳ್ಳು. ಇವೆಲ್ಲಕ್ಕಿಂತ ಹೆಚ್ಚು ಜನರ ಗುದದ್ವಾರ ಕಸಿಯುವ ನಂಬಿಕೆ, ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿಯೇ ಎಂಬುದು. ಬಸ್ ನಿಲ್ದಾಣದ ಗೋಡೆಯ ಮೇಲೆ ಮೂಲವ್ಯಾಧಿ, ಭಗಂದರ, ಗ್ಯಾರಂಟಿ ಎಂದು ಬರೆಸಿದವರನ್ನು ನಂಬಿ ತಿಂಗಳುಗಟ್ಟಲೆ ಪುಡಿ ನುಂಗುವ ನಾವೇ ಆಮೇಲೆ ಅಷ್ಟೇ ಸುಲಭವಾಗಿ ಯಂತ್ರವನ್ನೂ ನಂಬುತ್ತೇವೆ. ಎರಡು ಕಡೆಯೂ ಪುರಾವೆ ಕೇಳುವುದಿಲ್ಲ. ತಳಭಾಗದ ಗಡ್ಡೆ ಸಾಮಾನ್ಯವಾಗಿ ವೈದ್ಯರ ಬೆರಳಿಗೇ ಸಿಗುತ್ತದೆ. ಕೈಗವಸು ತೊಟ್ಟು, ಜೆಲ್ಲಿ ಹಚ್ಚಿ, ಒಂದು ನಿಮಿಷದಲ್ಲಿ ಮುಗಿಯುವ ಪರೀಕ್ಷೆ ಅದು. ನಾಚಿಕೆಯಿಂದ ರೋಗಿ ಬೇಡ ಎನ್ನುತ್ತಾರೆ, ಅವಸರದಲ್ಲಿ ವೈದ್ಯರೂ ಬಿಟ್ಟುಬಿಡುತ್ತಾರೆ, ಮುಲಾಮು ಬರೆದು ಕಳಿಸುತ್ತಾರೆ. ಅಷ್ಟರಲ್ಲಿ ಗಡ್ಡೆ ಒಳಸ್ನಾಯುವನ್ನು ದಾಟಿ ಹೊರಸ್ನಾಯುವಿಗೆ ಬಂದಿರುತ್ತದೆ.