ಚರ್ಮವಾದ್ಯ ಕಲಿಯುವವನ ಮೊದಲ ಹಾಡು

ತಬಲವಾಗಲಿ, ಮೃದಂಗವಾಗಲಿ, ಡೊಳ್ಳಾಗಲಿ, ಕಲಿಯಹೊರಟ ಹುಡುಗನಿಗೆ ಅಭ್ಯಾಸಕ್ಕೆಂದು ಮೊದಲು ಯಾವ ಹಾಡನ್ನು ಕೊಡಬೇಕು? ಪ್ರಶ್ನೆ ಚಿಕ್ಕದಾಗಿ ಕಾಣುತ್ತದೆ. ಆದರೆ ಈ ಆಯ್ಕೆ ತಪ್ಪಿದ ಕಡೆ ಎಷ್ಟೋ ಎಳೆಯ ಕೈಗಳು ವರ್ಷದೊಳಗೆ ವಾದ್ಯವನ್ನು ಮೂಲೆಗಿಟ್ಟಿವೆ. ಇನ್ನು ಕೆಲವು ಕೈಗಳು ವಾದ್ಯವನ್ನು ಬಿಡದೆ, ಹಾಡುವವರನ್ನೇ ಊರ ಭಜನೆಯಿಂದ ಎಬ್ಬಿಸಿ ಕಳಿಸಿವೆ.

ಎರಡನೆಯ ಬಗೆಯವರಲ್ಲಿ ನಾನೂ ಒಬ್ಬನಾಗುವುದರಲ್ಲಿದ್ದೆ. ಚನ್ನಗಿರಿ ತಾಲ್ಲೂಕಿನಲ್ಲಿ, ಶಾಂತಿಸಾಗರವೆಂಬ ಹೆಸರೂ ಇರುವ ಸೂಳೆಕೆರೆಯ ಅಚ್ಚುಕಟ್ಟಿನ ಒಂದು ಹಳ್ಳಿ. ಅಲ್ಲಿ ಸೋಮವಾರದ ರಾತ್ರಿಯ ಭಜನೆ. ಬೋಲುಗಳನ್ನು ಕಲಿತು ಇನ್ನೂ ಮೂರು ತಿಂಗಳಾಗಿರಲಿಲ್ಲ. ತಬಲದ ಮುಂದೆ ಕುಳಿತ ನಾನು ಹಟ ಹಿಡಿದು ಆರಿಸಿದ್ದು ಸಿನಿಮಾ ಧಾಟಿಯ, ಚುರುಕು ನಡೆಯ ಒಂದು ಭಕ್ತಿಗೀತೆಯನ್ನು. ಮೊದಲ ನುಡಿ ಚೆನ್ನಾಗಿಯೇ ಹೋಯಿತು. ಎರಡನೆಯದರಲ್ಲಿ ಕೈ ಬಿಸಿಯೇರಿತು. ಮೂರನೆಯದಕ್ಕೆ ಬರುವಷ್ಟರಲ್ಲಿ ತಾಳದವರು ನನ್ನ ಬೆನ್ನು ಹತ್ತಿ ಓಡುತ್ತಿದ್ದರು. ಮುಂದೆ ಕುಳಿತು ಹಾಡುತ್ತಿದ್ದ ಹಿರಿಯರು ಪಲ್ಲವಿಯ ನಡುವೆಯೇ ನಿಲ್ಲಿಸಿಬಿಟ್ಟರು. ಬೈಯಲಿಲ್ಲ. “ನೀನು ಹಿಂಗೆ ಓಡಿದ್ರೆ ನಾವು ಉಸಿರು ಎಲ್ಲಿ ತಗಳ್ಳೋದೋ ತಮ್ಮಾ?” ಎಂದಷ್ಟೇ ಕೇಳಿದರು. ಮುಂದಿನ ಕೆಲವು ಸೋಮವಾರ ನನ್ನ ಕೈಗೆ ಬಂದದ್ದು ತಬಲವಲ್ಲ, ಜೋಡಿ ತಾಳ.

ಆ ಪ್ರಶ್ನೆಯಲ್ಲಿಯೇ ಆಯ್ಕೆಯ ಮೊದಲ ನಿಯಮವಿದೆ ಎಂದು ನನಗೆ ತೋರುತ್ತದೆ. ಬಾರಿಸುವುದಕ್ಕೆ ಎಲ್ಲಿ ಅವಕಾಶವಿದೆ ಎಂದು ನೋಡಿ ಹಾಡನ್ನು ಆರಿಸಬಾರದು. ಹಾಡುವವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಎಂಬುದು ಸ್ಪಷ್ಟವಾಗಿ ಕೇಳುವ ಹಾಡನ್ನು ಆರಿಸಬೇಕು. ಕಲಿಯುವವನಿಗೆ ಅದರ ಧಾಟಿ ಮೊದಲೇ ಬಾಯಿಗೆ ಬಂದಿರಬೇಕು. ಪಲ್ಲವಿ ಮತ್ತೆ ಮತ್ತೆ ಮರಳಿ ಬರಬೇಕು. ಏಕೆಂದರೆ ದಾರಿ ತಪ್ಪಿದವನು ಮತ್ತೆ ಮೇಳ ಸೇರಿಕೊಳ್ಳುವ ಜಾಗವೇ ಪಲ್ಲವಿ. ಈ ದೃಷ್ಟಿಯಿಂದ ತತ್ತ್ವಪದಗಳಿಗೆ ಸಮನಾದ ಪಾಠವಿಲ್ಲ. ಶಿಶುನಾಳ ಷರೀಫರ ಪದಗಳನ್ನು ನಮ್ಮ ಭಜನೆಗಳಲ್ಲಿ ಒಬ್ಬರು ಹೇಳಿಕೊಡುತ್ತಾರೆ, ಉಳಿದವರು ಎತ್ತಿಕೊಳ್ಳುತ್ತಾರೆ. ಆ ಎರಡರ ನಡುವಿನ ಸಣ್ಣ ಬಿಡುವಿನಲ್ಲಿ ತಬಲದವನು ತನ್ನ ಲೆಕ್ಕವನ್ನು ಸರಿಪಡಿಸಿಕೊಳ್ಳಬಹುದು.

ಕರ್ನಾಟಕ ಸಂಗೀತದ ಪಾಠಕ್ರಮದಲ್ಲಿ ಈ ವಿವೇಕ ಹಿಂದಿನಿಂದಲೂ ಇದೆ. ಪುರಂದರದಾಸರ ಹೆಸರಿನಲ್ಲಿ ಪ್ರಸಿದ್ಧವಾದ ಮಲಹರಿ ರಾಗದ ಪಿಳ್ಳಾರಿ ಗೀತೆಗಳನ್ನು ಹಾಡುವವರ ಮೊದಲ ಮೆಟ್ಟಿಲೆಂದು ಎಲ್ಲರೂ ಬಲ್ಲರು. ಅವು ಮೃದಂಗ ಕಲಿಯುವವನಿಗೂ ಅಷ್ಟೇ ಉಪಕಾರಿ ಎಂಬುದನ್ನು ಮಾತ್ರ ಮರೆಯುತ್ತೇವೆ. ಗೀತೆಗೆ ಸಂಗತಿಗಳಿಲ್ಲ, ಮೊದಲಿನಿಂದ ಕೊನೆಯವರೆಗೆ ಒಂದೇ ಕಾಲ. ‘ತ, ದಿ, ತೊಂ, ನಂ’ ಎಂಬ ಪಾಠಗಳನ್ನು ಬಾಯಲ್ಲಿ ಹೇಳಿ ಕೈಯಲ್ಲಿ ನುಡಿಸಲು ಕಲಿತ ಹುಡುಗ, ಲಂಬೋದರ ಗೀತೆಯ ಜೊತೆಗೆ ರೂಪಕತಾಳದ ಆರು ಅಕ್ಷರಗಳನ್ನು ಅಲಂಕಾರವಿಲ್ಲದೆ ಹಿಡಿದು ನಡೆಯಬಲ್ಲ. ಇಲ್ಲೊಂದು ತೊಡಕಿದೆ. ಹಿಂದೂಸ್ತಾನಿಯವರ ರೂಪಕಕ್ಕೆ ಮಾತ್ರೆ ಏಳು. ಧಾರವಾಡದ ಕಡೆಯ ಪಾಠವೂ ಮೈಸೂರಿನ ಕಡೆಯ ಪಾಠವೂ ಕೂಡುವ ನಮ್ಮ ಮಧ್ಯ ಕರ್ನಾಟಕದಲ್ಲಿ, ಹೆಸರು ಒಂದೇ ಆಗಿ ಎಣಿಕೆ ಬೇರೆಯಾದ ಈ ತಾಳದಿಂದ ಮೇಳದಲ್ಲಿ ಮನಸ್ತಾಪವಾದದ್ದೂ ಉಂಟು.

ಏಳರ ಮಾತು ಬಂದದ್ದರಿಂದ ಅಲ್ಲಿ ಸ್ವಲ್ಪ ನಿಲ್ಲೋಣ. ಎಂಟನ್ನು ಯಾರೂ ಕಲಿಸಬೇಕಾಗಿಲ್ಲ. ನಡೆಯುವ ಕಾಲಿಗೇ ಅದು ಗೊತ್ತು. ಹುಡುಗರು ಎಡವುವುದು ಏಳರಲ್ಲಿ. ಒಂದರಿಂದ ಏಳರವರೆಗೆ ಬೆರಳು ಮಡಿಸುವ ಹುಡುಗ ಏಳಾದ ಮೇಲೆ ಅಭ್ಯಾಸಬಲದಿಂದ ಎಂಟನೆಯದನ್ನೂ ಹೊಡೆದುಬಿಡುತ್ತಾನೆ. ಸಾಹಿತ್ಯ ಬಲ್ಲವರಿಗೆ ಇದಕ್ಕೆ ಮದ್ದು ಗೊತ್ತಿರಲೇಬೇಕು. ಭಾಮಿನಿ ಷಟ್ಪದಿಯ ಗಣಗಳು ಮೂರು ಮತ್ತು ನಾಲ್ಕು ಮಾತ್ರೆಗಳಾಗಿ ಒಂದಾದ ಮೇಲೊಂದು ಬರುತ್ತವೆ; ಕುಮಾರವ್ಯಾಸನ ಭಾರತವನ್ನು ಓದಿದ ಕಿವಿ ಏಳನ್ನು ಏಳಾಗಿ ಎಣಿಸುವುದೇ ಇಲ್ಲ, ಮೂರು-ನಾಲ್ಕಾಗಿ ಕೇಳುತ್ತದೆ. ತ್ರಿಪುಟ ತಾಳದ ಮೂರು-ಎರಡು-ಎರಡು ಎಂಬ ವಿಂಗಡಣೆಯೂ, ಮಿಶ್ರಛಾಪುವಿನ ಕುಂಟುನಡೆಯೂ ಇದೇ ಲೆಕ್ಕದವು. ಗಮಕವನ್ನು ತಾಳಕ್ಕೆ ಕಟ್ಟುವ ಪದ್ಧತಿಯಿಲ್ಲ, ಕಟ್ಟಲೂ ಬಾರದು. ಆದರೆ ಪದ್ಯವನ್ನು ಗಣವಿಭಾಗ ಮಾಡಿ ಗಟ್ಟಿಯಾಗಿ ಓದುತ್ತ ತೊಡೆಯ ಮೇಲೆ ಕೈತಟ್ಟುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಹಾಗೆಯೇ ಐದಕ್ಕೆ ಲಕ್ಷ್ಮೀಶನ ವಾರ್ಧಕ, ನಾಲ್ಕಕ್ಕೆ ಶರ, ಮೂರಕ್ಕೆ ಭೋಗ. ಶಾಲೆಯಲ್ಲಿ ಅಂಕಗಳಿಗಾಗಿ ಕಲಿತು ಮರೆತ ಛಂದಸ್ಸಿಗೆ ಹೀಗೊಂದು ಉಪಯೋಗವುಂಟೆಂದು ನಮ್ಮ ಕನ್ನಡ ಪಂಡಿತರು ಯಾಕೆ ಹೇಳಲಿಲ್ಲವೋ.

ಓದಿನಿಂದ ಹಾಡಿಗೆ ಬರುವಾಗ ‘ಕೆರೆಯ ನೀರನು’ ಎಂಬ ಗೀತೆ ಒದಗುತ್ತದೆ: ಅದು ತ್ರಿಪುಟ ತಾಳದ್ದು. ಸೂಳೆಕೆರೆಯ ಕೆಳಗಿನ ಮಕ್ಕಳಿಗೆ ಆ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದು ಕೈಗೆ ಹತ್ತಿದ ಮೇಲೆ ವ್ಯಾಸರಾಯರ ‘ಕೃಷ್ಣಾ ನೀ ಬೇಗನೆ ಬಾರೋ’. ಮಿಶ್ರಛಾಪು, ಎಲ್ಲರ ಕಿವಿಯಲ್ಲೂ ಇರುವ ಧಾಟಿ. ಬೇಗನೆ ಬಾ ಎಂದು ಕರೆಯುವ ಈ ಕೃತಿ ತಾನು ಮಾತ್ರ ಸ್ವಲ್ಪವೂ ಅವಸರ ಪಡುವುದಿಲ್ಲ. ನಿಧಾನ ನಡೆಯ ಹಾಡು ಸುಲಭವೆಂದು ತಿಳಿಯುವವರು ಇದನ್ನೊಮ್ಮೆ ಹಿಡಿದು ನೋಡಬೇಕು. ಎರಡು ಪೆಟ್ಟುಗಳ ನಡುವಣ ಬಯಲು ಹಿಗ್ಗಿದಷ್ಟೂ ಅದನ್ನು ತುಂಬಿಬಿಡಬೇಕೆಂಬ ಚಪಲ ಹೆಚ್ಚುತ್ತದೆ. ಆದ್ದರಿಂದ ಮೊದಲ ಹಾಡು ತೀರ ನಿಧಾನವೂ ಬೇಡ, ಮಧ್ಯಮಕಾಲವೇ ಲೇಸು. ಸಮದಲ್ಲಿ ಎತ್ತಿಕೊಳ್ಳುವ ಹಾಡುಗಳು ಮುಂಚೆ. ಎಡುಪು ಅರ್ಧ ಅಕ್ಷರ, ಒಂದೂವರೆ ಅಕ್ಷರ ಕಳೆದು ಬರುವಂಥವು ಆಮೇಲೆ. ವಚನಗಳನ್ನು ಇನ್ನೂ ತಡವಾಗಿ ಕೊಡಬೇಕು: ಅವುಗಳ ಸಾಲುಗಳಿಗೆ ಸಮ ಅಳತೆಯಿಲ್ಲ, ರಾಗ ಹಾಕಿದವರು ತಾಳವನ್ನು ಎಲ್ಲಿ ಕೂರಿಸಿದ್ದಾರೋ ಅಲ್ಲಿ ಹುಡುಕಬೇಕು.

ಡೊಳ್ಳಿನ ವಿಷಯ ಬೇರೆ. ಬೀರಪ್ಪನ ಗುಡಿಯ ಮುಂದೆ ಡೊಳ್ಳಿನ ಸಾಲು ಪೂರ್ಣ ಕಸುವಿನಿಂದ ನುಡಿಯುವಾಗ ಯಾವ ಕಂಠವೂ ಕೇಳಿಸದು. ಹಾಡು ಬರಬೇಕಾದರೆ ಡೊಳ್ಳು ತಗ್ಗಬೇಕು. ಅಲ್ಲಿ ಹೊಸಬನಿಗೆ ಆರಿಸಬೇಕಾದ ಪದ, ನುಡಿ ಮುಗಿಯುವುದು ಸಾಲಿನ ತುದಿಯಲ್ಲಿ ನಿಂತವನಿಗೂ ಗೊತ್ತಾಗುವಂಥದು; ಕೈಗೆ ಮೊದಲು ಹೆಜ್ಜೆ ಕಲಿತಿರಬೇಕು.

ಈಗಿನ ಹುಡುಗರು ಕೈಯಲ್ಲಿನ ಫೋನಿನ ಜೊತೆಗೆ ಬಾರಿಸಿ ಕಲಿಯುತ್ತಾರೆ. ಅದನ್ನು ಹಳಿಯಲಾರೆ. ಧ್ವನಿಮುದ್ರಿತ ಹಾಡು ನಮ್ಮ ಆತುರಕ್ಕೆ ಬಗ್ಗುವುದಿಲ್ಲ. ಓಡಿದವನು ಒಬ್ಬನೇ ಮುಂದೆ ಹೋಗಿ ನಾಚಬೇಕಾಗುತ್ತದೆ. ಅಂಥ ಒಬ್ಬ ಗುರು ನನಗೆ ಆಗ ಇದ್ದಿದ್ದರೆ ಹಿರಿಯರ ಉಸಿರು ಉಳಿಯುತ್ತಿತ್ತು. ಆದರೆ ಅದು ಯಾರಿಗಾಗಿಯೂ ಕಾಯುವುದೂ ಇಲ್ಲ. ಕೆಮ್ಮು ಬಂದು ಅರೆಗಳಿಗೆ ತಡೆದ ಮುದುಕರ ಜೊತೆಗೆ ತಾನೂ ತಡೆದು ನಿಲ್ಲುವುದನ್ನು ಹುಡುಗ ಅದರಿಂದ ಕಲಿಯಲಾರ. ವಾರದಲ್ಲಿ ಒಂದು ದಿನವಾದರೂ ಬದುಕಿರುವ ಕಂಠವೊಂದರ ಜೊತೆ ಅವನನ್ನು ಕೂರಿಸಬೇಕು.

ಒಂದು ಹಾಡು ಸಾಕು, ಇನ್ನೊಂದಕ್ಕೆ ಹೋಗಬಹುದು ಎಂದು ತಿಳಿಯುವುದು ಹೇಗೆ? ನಮ್ಮ ಭಜನೆಯ ಹಿರಿಯರಿಗೆ ಇದಕ್ಕೊಂದು ಪರೀಕ್ಷೆಯಿತ್ತು. ಹಾಡು ನಡೆದಿರುವಾಗಲೇ ಅವರು ಕೈ ಚಾಚಿ ತಬಲದ ಮೇಲೆ ಇಟ್ಟುಬಿಡುತ್ತಿದ್ದರು. ಎರಡು ಆವರ್ತ ನಾವು ಬಾರಿಸದೆ ಇರಬೇಕು. ಕೈ ತೆಗೆದೊಡನೆ, ಯಾರ ಮುಖವನ್ನೂ ನೋಡದೆ, ಸರಿಯಾಗಿ ಸಮಕ್ಕೆ ಬಂದು ಸೇರಬೇಕು. ತಾಳ ಹಿಡಿದು ಕಳೆದ ಸೋಮವಾರಗಳಾದ ಮೇಲೆ, ಷರೀಫರ ಒಂದು ಪದದ ನಡುವೆ, ನನಗೂ ಆ ಪರೀಕ್ಷೆ ಒದಗಿತು. ಒಂದು ಮಾತ್ರೆ ತಡವಾಗಿ ಬಂದೆ. ಅವರು ಹಾಡು ನಿಲ್ಲಿಸಲಿಲ್ಲ. ಮುಂದಿನ ಸೋಮವಾರ ಮತ್ತೆ ಅದೇ ಪದವನ್ನು ಎತ್ತಿಕೊಂಡರು.