ಟವರ್ ಹೋದ ಮೇಲೂ ಕೆಲಸ ಮಾಡುವ ಫೋನು

ಚೌತಿ, ದೀಪಾವಳಿ ಬಂತೆಂದರೆ ಭಟ್ಕಳ, ಹೊನ್ನಾವರ, ಕುಮಟಾ ಪೇಟೆಗಳ ಮೊಬೈಲ್ ಅಂಗಡಿಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹೊಸ ಫೋನು ಕೈಗೆ ಬಂದೊಡನೆ ಎಲ್ಲರದ್ದೂ ಒಂದೇ ಗಡಿಬಿಡಿ: ಹಳೆಯದರಲ್ಲಿದ್ದ ಆ್ಯಪ್‌ಗಳನ್ನೆಲ್ಲ ಇದಕ್ಕೂ ತುಂಬಿಕೊಳ್ಳುವುದು, ಜತೆಗೆ ಯಾರೋ ಹೇಳಿದ ಇನ್ನಷ್ಟನ್ನು ಸೇರಿಸುವುದು. ‘ಇರಲೇಬೇಕಾದ ಆ್ಯಪ್’ಗಳ ಪಟ್ಟಿಗಳಿಗೇನೂ ಬರವಿಲ್ಲ. ಅವುಗಳಲ್ಲಿ ಹೆಚ್ಚಿನವು ಬೆಂಗಳೂರಿನಂಥ ಊರನ್ನು ಕಣ್ಣ ಮುಂದಿಟ್ಟುಕೊಂಡು ಮಾಡಿದವು. ಟ್ಯಾಕ್ಸಿ ಕರೆಯಲು ಒಂದು, ಊಟ ತರಿಸಲು ಒಂದು, ದಿನಸಿಗೆ ಇನ್ನೊಂದು. ನೆಟ್ ಎಂಬುದು ಗಾಳಿಯಂತೆ ಎಲ್ಲ ಕಡೆ ಇದ್ದೇ ಇರುತ್ತದೆಂದು ಅವು ಮೊದಲೇ ನಂಬಿಬಿಟ್ಟಿರುತ್ತವೆ.

ನಮ್ಮ ಕರಾವಳಿಯಲ್ಲಿ ಫೋನು ನಿಜಕ್ಕೂ ಬೇಕಾಗುವುದು ಬೇರೆಯೇ ಹೊತ್ತಿನಲ್ಲಿ. ಆಷಾಢದ ರಾತ್ರಿ ಕರೆಂಟು ಹೋಗಿ, ಟವರಿನ ಬ್ಯಾಟರಿಯೂ ಮುಗಿದಾಗ. ಗೇರುಸೊಪ್ಪೆ ಘಾಟಿಯ ತಿರುವಿನಲ್ಲಿ ಗಾಡಿ ನಿಂತಾಗ. ಬೋಟು ದಡ ಬಿಟ್ಟು ಆಳಕ್ಕೆ ಹೋದಾಗ. ಆದ್ದರಿಂದ ಯಾವುದೇ ಆ್ಯಪ್ ಹಾಕಿಕೊಳ್ಳುವ ಮುಂಚೆ ನಾವು ಕೇಳಬೇಕಾದ ಪ್ರಶ್ನೆ ಇದು: ಟವರ್ ಇಲ್ಲದಾಗ ಇದು ಏನು ಮಾಡುತ್ತದೆ?

ಟವರ್ ಕೈಕೊಡುವುದು ಹೇಗೆಂದು ಮೊದಲು ನೋಡೋಣ. ಟವರಿನ ದನಿ ದೊಡ್ಡದು, ಫೋನಿನದು ಬಹಳ ಸಣ್ಣದು. 4ಜಿ ಫೋನು ಎಷ್ಟೇ ಕೂಗಿದರೂ ಅದರ ಬಲ ಸಾಮಾನ್ಯವಾಗಿ 0.2 ವ್ಯಾಟ್ ಮೀರುವುದಿಲ್ಲ. ಪರದೆಯ ಮೇಲೆ ಒಂದೆರಡು ಕಡ್ಡಿ ಕಾಣಿಸುತ್ತಿದ್ದರೂ ಕರೆ ಹೋಗದೇ ಇರುವುದಕ್ಕೆ ಇದೇ ಕಾರಣ. ಟವರ್ ಹೇಳಿದ್ದು ಫೋನಿಗೆ ಕೇಳುತ್ತಿದೆ, ಫೋನು ಹೇಳಿದ್ದು ಟವರಿಗೆ ಮುಟ್ಟುತ್ತಿಲ್ಲ. ಸಮುದ್ರದಲ್ಲಿ ದಡದಿಂದ ಹತ್ತು ಹನ್ನೆರಡು ಕಿ.ಮೀ. ದಾಟಿದರೆ ಮೊಬೈಲ್ ಸಂಪರ್ಕ ಬಹುತೇಕ ಕಡಿದುಹೋಗುತ್ತದೆ. ಅದಕ್ಕೂ ಮುಂಚೆ, ಸಿಗ್ನಲ್ ಕ್ಷೀಣವಾಗಿರುವ ಪಟ್ಟಿಯಲ್ಲಿ, ಫೋನು ತನ್ನ ಶಕ್ತಿಯನ್ನೆಲ್ಲ ಹಾಕಿ ಟವರನ್ನು ಹುಡುಕುತ್ತ ಹೋಗುತ್ತದೆ. ಘಾಟಿ ಹತ್ತುವಾಗ ಚಾರ್ಜ್ ಸರ್ರನೆ ಇಳಿಯುವುದು ಇದರಿಂದಲೇ. ಅಂಥ ಕಡೆ ಏರೋಪ್ಲೇನ್ ಮೋಡ್ ಹಾಕಿಟ್ಟರೆ ಬ್ಯಾಟರಿ ಉಳಿಯುತ್ತದೆ. ಚಾರ್ಜ್ ಉಳಿಸುತ್ತೇವೆಂದು ಹೇಳಿಕೊಳ್ಳುವ ಆ್ಯಪ್‌ಗಳ ಅಗತ್ಯವೇ ಇಲ್ಲ.

ಲೊಕೇಶನ್ ಸಿಗಬೇಕಾದರೆ ನೆಟ್ ಬೇಕು ಎಂದು ನಂಬಿದವರು ಬಹಳ ಮಂದಿ. ಬೇಕಾಗಿಲ್ಲ, ಸಿಮ್ ಕೂಡ ಬೇಡ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತ, ತಾವು ಎಲ್ಲಿದ್ದೇವೆ, ತಮ್ಮ ಗಡಿಯಾರದಲ್ಲಿ ಸಮಯ ಎಷ್ಟು ಎಂಬುದನ್ನು ಬಿಡದೆ ಬಿತ್ತರಿಸುತ್ತಿರುತ್ತವೆ. ಫೋನು ಅದನ್ನು ಕೇಳಿಸಿಕೊಳ್ಳುತ್ತದೆ, ತಿರುಗಿ ಏನನ್ನೂ ಕಳಿಸುವುದಿಲ್ಲ. ಆ ಸಂಕೇತ ನೆಲ ಮುಟ್ಟಲು ಹಿಡಿಯುವ ಸಮಯ ಸೆಕೆಂಡಿನ ನೂರರಲ್ಲಿ ಏಳು ಪಾಲಿನಷ್ಟು. ಆ ಸಮಯದಿಂದ ದೂರ ಗೊತ್ತಾಗುತ್ತದೆ. ಲೆಕ್ಕ ಕೂಡಲು ಕನಿಷ್ಠ ನಾಲ್ಕು ಉಪಗ್ರಹಗಳು ಕಾಣಬೇಕು. ಜಾಗ ಹಿಡಿಯಲು ಮೂರು ಅಳತೆ ಸಾಕು, ಫೋನಿನ ಗಡಿಯಾರದ ತಪ್ಪು ತಿದ್ದಲು ನಾಲ್ಕನೆಯದು. ಸಮಯದಲ್ಲಿ ಒಂದು ಮೈಕ್ರೊಸೆಕೆಂಡ್ ಆಚೀಚೆಯಾದರೂ ಜಾಗ 300 ಮೀಟರ್ ಆಚೀಚೆಯಾಗುತ್ತದೆ.

ಆದರೂ ನೆಟ್ ಇದ್ದಾಗ ಲೊಕೇಶನ್ ಬೇಗ ಸಿಗುತ್ತದಲ್ಲ ಎಂದರೆ, ಹೌದು. ಉಪಗ್ರಹ ತನ್ನ ಪಥದ ವಿವರವನ್ನು ಕಳಿಸುವ ವೇಗ ಸೆಕೆಂಡಿಗೆ ಕೇವಲ 50 ಬಿಟ್. ಅದನ್ನು ಪೂರ್ತಿ ಇಳಿಸಿಕೊಳ್ಳಲು ಅರ್ಧ ನಿಮಿಷವಾದರೂ ಬೇಕು. ನೆಟ್ ಇದ್ದರೆ ಅದೇ ವಿವರವನ್ನು ಫೋನು ಅಲ್ಲಿಂದ ಕ್ಷಣದಲ್ಲಿ ತರಿಸಿಕೊಳ್ಳುತ್ತದೆ. ಹಾಗಾಗಿ ಕಡಲಲ್ಲೋ ಕಾಡಿನಲ್ಲೋ ಇದ್ದಾಗ ಫೋನನ್ನು ಬಯಲಲ್ಲಿ, ಆಕಾಶ ಕಾಣುವಂತೆ ಹಿಡಿದು ಒಂದೆರಡು ನಿಮಿಷ ಕಾಯಬೇಕು. ಅಷ್ಟು ತಾಳ್ಮೆ ಇದ್ದರೆ ಅಕ್ಷಾಂಶ ರೇಖಾಂಶ ಸಿಕ್ಕೇ ಸಿಗುತ್ತದೆ.

ಸಿಗದೇ ಇರುವುದು ನಕ್ಷೆ. ಅದು ಬರುವುದು ನೆಟ್‌ನಿಂದ. ಆದ್ದರಿಂದ ಹೊಸ ಫೋನಿನಲ್ಲಿ ಮಾಡಬೇಕಾದ ಮೊದಲ ಕೆಲಸವೆಂದರೆ ಮನೆಯಲ್ಲಿ ವೈಫೈ ಇರುವಾಗಲೇ ಗೂಗಲ್ ಮ್ಯಾಪ್ಸ್‌ನ ಆಫ್‌ಲೈನ್ ನಕ್ಷೆ ಇಳಿಸಿಕೊಳ್ಳುವುದು. ಉತ್ತರಕ್ಕೆ ಕಾರವಾರ, ದಕ್ಷಿಣಕ್ಕೆ ಮಣಿಪಾಲ, ಮಂಗಳೂರು, ಪೂರ್ವಕ್ಕೆ ಶಿರಸಿ, ಸಾಗರ ಅದರೊಳಗೆ ಬರಲಿ. ದೊಡ್ಡ ಕಾಯಿಲೆಗೆ ನಮ್ಮ ಮೂರೂ ತಾಲೂಕಿನವರು ಓಡುವುದು ಮಣಿಪಾಲಕ್ಕೋ ಮಂಗಳೂರಿಗೋ. ಹೆದ್ದಾರಿ ಬಂದ್ ಆಗಿ ಒಳದಾರಿ ಹಿಡಿಯಬೇಕಾದರೆ ಈ ನಕ್ಷೆ ಕೈಬಿಡುವುದಿಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದಾಗ ಬಳಸು ದಾರಿ ಹುಡುಕಿದವರಿಗೆ ಇದರ ಬೆಲೆ ಗೊತ್ತು. ಒಂದು ಮಾತು ನೆನಪಿರಲಿ: ರಸ್ತೆ ಮುಚ್ಚಿದ್ದು ಇಳಿಸಿಕೊಂಡ ನಕ್ಷೆಗೆ ತಿಳಿಯುವುದಿಲ್ಲ, ಅದನ್ನು ಜನರನ್ನೇ ಕೇಳಬೇಕು.

ಮೀನುಗಾರರ ವಿಷಯ ಪ್ರತ್ಯೇಕವಾಗಿಯೇ ಹೇಳಬೇಕಾದದ್ದು. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಎರಡು ದಿನಗಳ ಬಳಿಕ ಸಂಪರ್ಕ ಕಳೆದುಕೊಂಡಿತು. ಅದರಲ್ಲಿದ್ದ ಏಳು ಜನರಲ್ಲಿ ಐವರು ಭಟ್ಕಳ, ಹೊನ್ನಾವರ, ಕುಮಟಾ ಕಡೆಯವರು. ಬೋಟಿನ ಅವಶೇಷ ಮಹಾರಾಷ್ಟ್ರದ ಮಾಲವಣ ಸಮೀಪದ ಕಡಲಾಳದಲ್ಲಿ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಯಾವುದೋ ಆ್ಯಪ್ ಇದ್ದಿದ್ದರೆ ಅವರು ಉಳಿಯುತ್ತಿದ್ದರು ಎಂದು ಹೇಳುವುದು ಸರಿಯಲ್ಲ. ಆದರೆ ಆ ತಿಂಗಳುಗಳಲ್ಲಿ ದಡದಲ್ಲಿದ್ದವರು ಪಟ್ಟ ಪಾಡು, ಆಳಸಮುದ್ರಕ್ಕೆ ಮೊಬೈಲ್ ಒಂದನ್ನೇ ನಂಬಿ ಹೋಗಬಾರದು ಎಂಬುದನ್ನು ಎಲ್ಲರಿಗೂ ಮನದಟ್ಟು ಮಾಡಿತು.

ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ತಂದ ‘ಜೆಮಿನಿ’ ಎಂಬ ಸಾಧನ 2019ರ ಅಕ್ಟೋಬರಿನಲ್ಲಿ ಬಿಡುಗಡೆಯಾಯಿತು. 2017ರ ಒಖಿ ಚಂಡಮಾರುತ ಕಲಿಸಿದ ಪಾಠದ ಫಲ ಅದು. ಈ ಪುಟ್ಟ ಪೆಟ್ಟಿಗೆ ಉಪಗ್ರಹದಿಂದ ಸಂದೇಶ ಪಡೆದು ಬ್ಲೂಟೂತ್ ಮೂಲಕ ಫೋನಿನ ಆ್ಯಪ್‌ಗೆ ದಾಟಿಸುತ್ತದೆ. ಟವರಿನ ಹಂಗಿಲ್ಲ. ಆದರೆ ಮಾತು ಒಂದೇ ಕಡೆಯಿಂದ: ಚಂಡಮಾರುತದ ಎಚ್ಚರಿಕೆ ಬರುತ್ತದೆ, ಬೋಟಿನಿಂದ ತಿರುಗಿ ಹೇಳಲಾಗದು. ಎರಡೂ ಕಡೆ ಸಂದೇಶ ಹೋಗಿಬರುವ ಇಸ್ರೋ ಟ್ರಾನ್ಸ್‌ಪಾಂಡರ್‌ಗಳನ್ನು ಒಂದು ಲಕ್ಷ ಬೋಟುಗಳಿಗೆ ಅಳವಡಿಸುವ ಯೋಜನೆಗೆ 2024ರ ಆಗಸ್ಟಿನಲ್ಲಿ ಚಾಲನೆ ಸಿಕ್ಕಿತು. ಬೋಟಿನಲ್ಲಿ ಆ ಟ್ರಾನ್ಸ್‌ಪಾಂಡರ್ ಇದ್ದರೆ ಅದರೊಂದಿಗೆ ಮಾತಾಡುವ ಆ್ಯಪ್ ಬೋಟು ನಡೆಸುವ ತಾಂಡೇಲನೊಬ್ಬನ ಫೋನಿನಲ್ಲಿದ್ದರೆ ಸಾಲದು, ಇನ್ನೊಬ್ಬನ ಫೋನಿನಲ್ಲೂ ಇರಲಿ.

ಇನ್‌ಕಾಯ್ಸ್‌ನ ‘ಸಮುದ್ರ’ ಆ್ಯಪ್‌ನಲ್ಲಿ ಮೀನು ಸಿಗಬಹುದಾದ ಜಾಗದ ಮಾಹಿತಿಯೂ ಇದೆ. ಉಪಗ್ರಹ ನೋಡುವುದು ಮೀನನ್ನಲ್ಲ. ನೀರಿನ ಮೇಲ್ಮೈಯ ಉಷ್ಣತೆಯನ್ನೂ, ನೀರಿನ ಬಣ್ಣದಿಂದ ಕ್ಲೋರೊಫಿಲ್ ಪ್ರಮಾಣವನ್ನೂ ನೋಡುತ್ತದೆ. ಕ್ಲೋರೊಫಿಲ್ ಹೆಚ್ಚಿದ್ದರೆ ಅಲ್ಲಿ ಸೂಕ್ಷ್ಮ ಸಸ್ಯಗಳಿವೆ, ಅವನ್ನು ತಿನ್ನುವ ಸಣ್ಣ ಜೀವಿಗಳಿವೆ, ಅವುಗಳ ಬೆನ್ನಿಗೆ ತಾರ್ಲೆ, ಬಂಗಡೆ. ಯಾವ ಬಂದರಿನಿಂದ, ಯಾವ ದಿಕ್ಕಿಗೆ, ಎಷ್ಟು ದೂರ, ಅಲ್ಲಿ ಎಷ್ಟು ಆಳ ಎಂದು ಬರೆದಿರುತ್ತದೆ. ದಡದಲ್ಲಿ ನೆಟ್ ಇರುವಾಗಲೇ ಅದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡರೆ ಆಳದಲ್ಲೂ ಓದಬಹುದು. ಮೋಡ ಕವಿದ ದಿನ ಉಪಗ್ರಹಕ್ಕೆ ನೀರು ಕಾಣುವುದಿಲ್ಲ ಎಂಬ ಮಿತಿಯನ್ನು ಮರೆಯುವಂತಿಲ್ಲ.

ಇನ್ನು ಸಿಡಿಲು. ಮಳೆಗಾಲಕ್ಕೆ ಮುಂಚಿನ ಸಂಜೆಗಳಲ್ಲೂ ಹಿಂಗಾರಿನಲ್ಲೂ ಗದ್ದೆ ತೋಟದಲ್ಲಿರುವವರಿಗೆ ಇದು ದೊಡ್ಡ ಭಯ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಇರಲೇಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಪ್ರತಿ ಮಿಂಚೂ ರೇಡಿಯೊ ತರಂಗಗಳನ್ನು ಹೊಮ್ಮಿಸುತ್ತದೆ. ದೇಶದ ಬೇರೆಬೇರೆ ಕಡೆ ನೆಟ್ಟ ಸಂವೇದಕಗಳಿಗೆ ಅದು ತಲುಪುವ ಸಮಯದ ಸೂಕ್ಷ್ಮ ವ್ಯತ್ಯಾಸದಿಂದ ಸಿಡಿಲು ಬಿದ್ದ ಜಾಗ ಗೊತ್ತಾಗುತ್ತದೆ. ನಿಮ್ಮ ಸುತ್ತ 20ರಿಂದ 40 ಕಿ.ಮೀ. ವ್ಯಾಪ್ತಿಯಲ್ಲಿ ಮಿಂಚು ಕಾಣಿಸಿಕೊಂಡರೆ ಆ್ಯಪ್ ಎಚ್ಚರಿಸುತ್ತದೆ. ಇದಕ್ಕೆ ನೆಟ್ ಬೇಕು, ಅದು ಇದರ ಕೊರತೆ. ನೆಟ್ ಇಲ್ಲದಾಗ ಕಿವಿಯೇ ಸಾಧನ: ಮಿಂಚಿದ ಮೇಲೆ ಗುಡುಗು ಕೇಳುವವರೆಗೆ ಎಣಿಸಿ. ಶಬ್ದ ಒಂದು ಕಿ.ಮೀ. ಬರಲು ಸುಮಾರು ಮೂರು ಸೆಕೆಂಡ್. ಎಣಿಕೆ ಮೂವತ್ತು ಮುಟ್ಟುವುದರೊಳಗೆ ಗುಡುಗಿದರೆ ಸಿಡಿಲು ಹತ್ತು ಕಿ.ಮೀ. ಒಳಗಿದೆ, ತೆಂಗಿನ ಬುಡ ಬಿಟ್ಟು ಮನೆ ಸೇರಬೇಕು.

ಆ್ಯಪ್ ಹಾಕದೆಯೇ ಬರುವ ಎಚ್ಚರಿಕೆಯೂ ಒಂದಿದೆ. 2023ರ ಅಕ್ಟೋಬರಿನಲ್ಲಿ ರಾಜ್ಯದ ಫೋನುಗಳೆಲ್ಲ ವಿಚಿತ್ರ ಸದ್ದು ಮಾಡಿ ಪರದೆಯ ಮೇಲೆ ತುರ್ತು ಸಂದೇಶ ತೋರಿಸಿದ್ದು ಹಲವರಿಗೆ ನೆನಪಿರಬಹುದು. ಅದು ಸೆಲ್ ಬ್ರಾಡ್‌ಕಾಸ್ಟ್ ವ್ಯವಸ್ಥೆಯ ಪರೀಕ್ಷೆ. ಎಸ್ಸೆಮ್ಮೆಸ್ ಎಂದರೆ ಮನೆಮನೆಗೆ ಕಾಗದ ಹಂಚಿದ ಹಾಗೆ, ಇದು ಊರಿಗೆಲ್ಲ ಒಮ್ಮೆಗೇ ಡಂಗುರ ಹೊಡೆದ ಹಾಗೆ. ಯಾರ ನಂಬರೂ ಬೇಡ, ಜಾಲದಲ್ಲಿ ದಟ್ಟಣೆ ಇದ್ದರೂ ತೊಂದರೆಯಿಲ್ಲ, ಆ ಟವರಿನ ವ್ಯಾಪ್ತಿಯಲ್ಲಿರುವ ಫೋನುಗಳಿಗೆಲ್ಲ ಒಟ್ಟಿಗೇ ಮುಟ್ಟುತ್ತದೆ. ಆ ಸದ್ದಿಗೆ ಬೆಚ್ಚಿ ಎಷ್ಟೋ ಜನ ಸೆಟ್ಟಿಂಗ್ಸ್‌ನಲ್ಲಿ ತುರ್ತು ಎಚ್ಚರಿಕೆಯನ್ನು ಆಫ್ ಮಾಡಿಬಿಟ್ಟರು. ಹೊಸ ಫೋನಿನಲ್ಲಿ ಅದು ಆನ್ ಇದೆಯೇ ಎಂದು ನೋಡಿ. 2022ರ ಆಗಸ್ಟಿನಲ್ಲಿ ಭಟ್ಕಳದ ಮುಟ್ಟಳ್ಳಿಯಲ್ಲಿ ಮಳೆಗೆ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ತೀರಿಕೊಂಡ ಸೀಮೆ ನಮ್ಮದು. ಗುಡ್ಡದ ಬುಡದಲ್ಲಿ ಮನೆ ಇರುವವರು ಈ ಸದ್ದನ್ನು ಮುಚ್ಚಿಡಬಾರದು.

ರೈಲಿನಲ್ಲಿ ಓಡಾಡುವವರಿಗೆ ‘ವೇರ್ ಈಸ್ ಮೈ ಟ್ರೇನ್’. ಬೆಂಗಳೂರಿನ ಸಿಗ್ಮಾಯ್ಡ್ ಲ್ಯಾಬ್ಸ್ ಮಾಡಿದ ಈ ಆ್ಯಪ್ಪನ್ನು 2018ರಲ್ಲಿ ಗೂಗಲ್ ಕೊಂಡುಕೊಂಡಿತು. ಇದರ ಜಾಣತನ ನೋಡಿ: ಲೋಹದ ಬೋಗಿಯೊಳಗೆ ಜಿಪಿಎಸ್ ಸರಿಯಾಗಿ ಹಿಡಿಯುವುದಿಲ್ಲ, ನೆಟ್ಟೂ ಬಂದುಹೋಗಿ ಮಾಡುತ್ತದೆ. ಆದರೆ ಪ್ರತಿ ಟವರಿಗೂ ಒಂದು ಗುರುತಿನ ಸಂಖ್ಯೆ ಇದೆ, ನೆಟ್ ಇಲ್ಲದಿದ್ದರೂ ಫೋನು ಅದನ್ನು ಓದುತ್ತದೆ. ಹಳಿಯುದ್ದಕ್ಕೂ ಯಾವ ಟವರ್ ಎಲ್ಲಿದೆ ಎಂಬ ಮಾಹಿತಿ ಆ್ಯಪ್‌ನೊಳಗೇ ಇರುವುದರಿಂದ ಗಾಡಿ ಎಲ್ಲಿಗೆ ಬಂತೆಂದು ತಿಳಿಯುತ್ತದೆ. ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ, ಎರಡು ಕಿ.ಮೀ. ಮೀರಿದ ಶರಾವತಿ ಸೇತುವೆಯನ್ನು ನಡುರಾತ್ರಿ ದಾಟುವಾಗ ಇಳಿಯಬೇಕಾದ ನಿಲ್ದಾಣ ಹೊನ್ನಾವರವೋ ಕುಮಟಾವೋ ಎಂದು ಕಿಟಕಿಯಲ್ಲಿ ಇಣುಕುವ ಕಷ್ಟ ತಪ್ಪುತ್ತದೆ. ಸುರಂಗದೊಳಗೆ ಮಾತ್ರ ಗುರುತು ನಿಂತುಬಿಡುತ್ತದೆ.

ಜಮೀನು ಇದ್ದವರು ‘ದಿಶಾಂಕ್’ ಇಟ್ಟುಕೊಳ್ಳುವುದು ಒಳ್ಳೆಯದು, ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಆದರೆ ಬೇಲಿಯ ತಕರಾರಿಗೆ ಇದನ್ನು ಸಾಕ್ಷಿ ಮಾಡಬೇಡಿ. ಬಯಲಲ್ಲೇ ಫೋನಿನ ಜಿಪಿಎಸ್ ಐದು ಮೀಟರ್ ಆಚೀಚೆ ತೋರಿಸಬಹುದು, ಅಂದರೆ ಅಡಿಕೆಯ ಸುಮಾರು ಎರಡು ಸಾಲು. ತೋಟದ ನೆರಳಿನಲ್ಲಿ ಎಲೆಗೂ ಕಾಂಡಕ್ಕೂ ಬಡಿದು ಬರುವ ಸಂಕೇತದಿಂದ ತಪ್ಪು ಇನ್ನೂ ದೊಡ್ಡದಾಗುತ್ತದೆ. ಗಡಿ ಗುರುತಿಸಲು ಸರ್ವೆಯವರೇ ಬರಬೇಕು.

ಭಟ್ಕಳದ ಮನೆಗಳಲ್ಲಿ ಅಗತ್ಯದ ಅರ್ಥವೇ ಬೇರೆ. ದುಬೈಯಲ್ಲಿರುವ ಮಗನ ಜತೆ ವಾಟ್ಸ್ಆ್ಯಪ್ ಕರೆಯಲ್ಲಿ ಮಾತಾಡಲಾಗುವುದಿಲ್ಲ, ಅಲ್ಲಿನ ಸರ್ಕಾರ ಅದಕ್ಕೆ ಅನುಮತಿ ಕೊಟ್ಟಿಲ್ಲ. ಅಲ್ಲಿ ಅನುಮತಿ ಇರುವ ಬೋಟಿಮ್‌ನಂಥದ್ದು ಬೇಕು. ಅಜ್ಜಿಯ ಹೊಸ ಫೋನಿನಲ್ಲಿ ಬೇರೇನಿಲ್ಲದಿದ್ದರೂ ಅದು ಇರಬೇಕು.

ಹಣಕ್ಕೆ ಒಂದೇ ಯುಪಿಐ ಆ್ಯಪ್ ಸಾಕು, ಮೂರು ನಾಲ್ಕು ಬೇಡ. ಡೇಟಾ ಇಲ್ಲದೆ ಬರೀ ಟವರ್ ಇದ್ದರೆ *99# ಒತ್ತಿಯೂ ಹಣ ಕಳಿಸಬಹುದು. ಯುಪಿಐ ಪಿನ್ ಬೇಕಾಗುವುದು ಹಣ ಕೊಡಲು, ಬ್ಯಾಲೆನ್ಸ್ ನೋಡಲು. ನಿಮಗೆ ಹಣ ಬರುತ್ತದೆ, ಪಿನ್ ಹಾಕಿ ಎಂದು ಯಾರಾದರೂ ಹೇಳಿದರೆ ಅದು ವಂಚನೆ.

ಈಗ ಅನುಮತಿಯ ಮಾತು. 2015ರ ಆ್ಯಂಡ್ರಾಯ್ಡ್ 6ರಿಂದ ಈಚೆಗೆ ಆ್ಯಪ್‌ಗಳು ಕ್ಯಾಮೆರಾ, ಲೊಕೇಶನ್, ಎಸ್ಸೆಮ್ಮೆಸ್ ಬೇಕೆಂದರೆ ನಮ್ಮನ್ನು ಕೇಳಿಯೇ ತೆಗೆದುಕೊಳ್ಳಬೇಕು. ಕೇಳಿದ್ದಕ್ಕೆಲ್ಲ ಹೂಂ ಎನ್ನುವ ಅಭ್ಯಾಸ ಬಿಡಬೇಕು. ದಾಮಿನಿಗೆ ಲೊಕೇಶನ್ ಬೇಕು, ಅದು ನ್ಯಾಯ. ಟಾರ್ಚ್ ಆ್ಯಪ್‌ಗೆ ನಿಮ್ಮ ಕಾಂಟ್ಯಾಕ್ಟ್ಸ್ ಯಾಕೆ? ಎಸ್ಸೆಮ್ಮೆಸ್ ಓದುವ ಅನುಮತಿ ಎಲ್ಲಕ್ಕಿಂತ ಅಪಾಯದ್ದು, ಬ್ಯಾಂಕಿನ ಒಟಿಪಿ ಬರುವುದು ಅಲ್ಲಿಗೇ. ವಾಟ್ಸ್ಆ್ಯಪ್‌ನಲ್ಲಿ ಮದುವೆ ಕರೆಯೋಲೆ ಎಂದೋ ವಾಹನದ ದಂಡದ ಚಲನ್ ಎಂದೋ ಬರುವ ಕಡತಗಳ ಹೆಸರಿನ ಕೊನೆ ನೋಡಿ. ಅಲ್ಲಿ ‘ಎಪಿಕೆ’ ಎಂದಿದ್ದರೆ ಅದು ಚಿತ್ರವೂ ಅಲ್ಲ, ಕಾಗದವೂ ಅಲ್ಲ, ಒಂದು ಆ್ಯಪ್. ಒತ್ತಿದರೆ ಅಪರಿಚಿತ ಮೂಲದ ಆ್ಯಪ್ ಹಾಕಲು ಒಪ್ಪಿಗೆ ಕೇಳುತ್ತದೆ, ಆಮೇಲೆ ಎಸ್ಸೆಮ್ಮೆಸ್ ಕೇಳುತ್ತದೆ, ಅಲ್ಲಿಗೆ ಮುಗಿಯಿತು. ಹೊಸ ಫೋನಿನ ಸೆಟ್ಟಿಂಗ್ಸ್‌ನಲ್ಲಿ ವಾಟ್ಸ್ಆ್ಯಪ್‌ಗೆ ಈ ಒಪ್ಪಿಗೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಬೇಗ ಮಾಡಿದಷ್ಟೂ ಹಣವನ್ನು ಮಧ್ಯದಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಕೊನೆಯ ಎರಡು ಕೆಲಸಗಳಿಗೆ ಆ್ಯಪ್ ಹುಡುಕಬೇಕಾಗಿಲ್ಲ. ಸೆಟ್ಟಿಂಗ್ಸ್‌ನ ತುರ್ತು ಮಾಹಿತಿಯಲ್ಲಿ ರಕ್ತದ ಗುಂಪು, ಇರುವ ಕಾಯಿಲೆ, ಮನೆಯವರ ನಂಬರ್ ತುಂಬಿ. ಲಾಕ್ ತೆಗೆಯದೆಯೂ ಅದನ್ನು ಬೇರೆಯವರು ಓದಬಹುದು. ಆಮೇಲೆ *#06# ಒತ್ತಿದರೆ ಕಾಣುವ 15 ಅಂಕಿಯ ಐಎಂಇಐ ಸಂಖ್ಯೆಯನ್ನು ಫೋನಿನಲ್ಲಲ್ಲ, ರೇಷನ್ ಕಾರ್ಡ್ ಇಡುವ ಫೈಲಿನಲ್ಲಿ ಬರೆದಿಡಿ. ಫೋನು ಕಳೆದರೆ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ಅದನ್ನು ಬ್ಲಾಕ್ ಮಾಡಿಸಲು ಆ ಸಂಖ್ಯೆ ಬೇಕಾಗುತ್ತದೆ.